ದೀಪ ಉರಿಯುತ್ತದೆ, ನೀರು ಕಾಯುವುದಿಲ್ಲ: ಗೀಸರಿಗೆ ಏನಾಗಿದೆ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ. ಮನೆಯಲ್ಲಿ 15 ಲೀಟರಿನ ಗೀಸರ್ ಇದ್ದು, ಬೋರ್ ನೀರನ್ನೇ ಬಳಸುತ್ತೇವೆ. ವಾರದಿಂದ ಸ್ವಿಚ್ ಹಾಕಿದರೆ ದೀಪ ಉರಿಯುತ್ತದೆ, ಆದರೆ ಒಂದು ಗಂಟೆ ಬಿಟ್ಟರೂ ನೀರು ತಣ್ಣಗೇ ಬರುತ್ತದೆ. ಹೊಸದನ್ನೇ ಕೊಳ್ಳಬೇಕೆ?

ಉತ್ತರ: ಈಗಲೇ ಬೇಡ. ಒಳಗಿನ ತೊಟ್ಟಿ ಸೋರುತ್ತಿಲ್ಲವಾದರೆ ಇದು ದುರಸ್ತಿಯಲ್ಲೇ ಮುಗಿಯುವ ಸಂಭವ ಹೆಚ್ಚು.

ಉರಿಯುತ್ತಿರುವುದು ಯಾವ ದೀಪ ಎಂಬುದನ್ನು ಮೊದಲು ಗಮನಿಸಿ. ಎರಡು ದೀಪಗಳಿರುವ ಗೀಸರುಗಳಲ್ಲಿ ಒಂದು ದೀಪ ಗೀಸರಿನವರೆಗೆ ಕರೆಂಟು ಬಂದಿದೆ ಎಂಬುದನ್ನಷ್ಟೇ ತಿಳಿಸಿದರೆ, ಇನ್ನೊಂದು ಆ ಕರೆಂಟು ನೀರು ಕಾಯಿಸುವ ಕಾಯಿಲಿನ ಕಡೆಗೆ ಹೋಗುತ್ತಿದೆಯೆಂದು ತಿಳಿಸುತ್ತದೆ. ಮೊದಲನೆಯದು ಮಾತ್ರ ಉರಿಯುತ್ತಿದ್ದರೆ, ನೀರು ಬೇಕಾದಷ್ಟು ಕಾದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟ್ಯಾಟ್ ಕೆಟ್ಟಿರಬಹುದು, ಇಲ್ಲವೆ ಮಿತಿಮೀರಿ ಕಾದಾಗ ಕರೆಂಟನ್ನು ಕಡಿಯುವ ಕಟ್‌ಔಟ್ ಜಿಗಿದಿರಬಹುದು. ಎರಡೂ ಉರಿದು ನೀರು ಕಾಯದಿದ್ದರೆ ಸಂಶಯ ಕಾಯಿಲಿನ ಮೇಲೆಯೇ. ಒಂದೇ ದೀಪವಿದ್ದರೆ ಎಲೆಕ್ಟ್ರಿಷಿಯನ್ನರ ಮೀಟರೇ ಹೇಳಬೇಕು: 2000 ವ್ಯಾಟಿನ ಒಳ್ಳೆಯ ಕಾಯಿಲು ಸುಮಾರು 26 ಓಮ್ ರೋಧ ತೋರಿಸುತ್ತದೆ.

ನಿಮ್ಮ ಊರಿನ ಹೆಸರು ನೋಡಿದಾಗ ನನಗೆ ಕಾಯಿಲಿನ ಮೇಲೆಯೇ ಅನುಮಾನ. ಸೇಡಂ, ಚಿತ್ತಾಪುರ, ಶಹಾಬಾದ್ ಸುತ್ತಿನ ನೆಲದಡಿ ಸುಣ್ಣದಕಲ್ಲಿದೆ; ಮನೆಗೆ ಹಾಸುವ ಶಹಾಬಾದಿ ಪರಸಿಯೂ ಅದೇ, ಅಲ್ಲಿನ ಸಿಮೆಂಟು ಕಾರ್ಖಾನೆಗಳು ಅರೆಯುವುದೂ ಅದನ್ನೇ. ಆ ಕಲ್ಲಿನ ಸಂದಿಯಿಂದ ಬರುವ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ನೀರು ಕಾದಂತೆ ಕಾರ್ಬೊನೇಟಾಗಿ ಬೇರ್ಪಟ್ಟು, ಹಂಡೆಯ ತಳದಲ್ಲಿ ಕಾಣುವ ಬಿಳಿ ಹಕ್ಕಳೆಯಂತೆಯೇ ಕಾಯಿಲಿನ ಸುತ್ತ ಪದರಗಟ್ಟುತ್ತದೆ. ಆಗ ಕಾಯಿಲಿನ ಶಾಖ ನೀರಿಗೆ ಸರಾಗವಾಗಿ ಇಳಿಯಲಾರದೆ ಕಾಯಿಲು ತನ್ನೊಳಗೇ ಕಾದು ಕಾದು ಒಂದು ದಿನ ಸುಟ್ಟುಹೋಗುತ್ತದೆ. ಬರಿಯ ಕಾಯಿಲು ಬದಲಿಸಿ ತೊಟ್ಟಿಯನ್ನು ಹಾಗೇ ಬಿಟ್ಟರೆ ಅರ್ಧ ಕೆಲಸವಾದಂತೆ. ತಳದ ಗಸಿಯನ್ನು ತೆಗೆಸಿ, ತೊಟ್ಟಿ ತುಕ್ಕು ಹಿಡಿಯದಂತೆ ಕಾಯುವ, ಜೊತೆಯಲ್ಲಿರುವ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಅದನ್ನೂ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿಸಿರಿ. ಗಾಜಿನ ಲೇಪವಿರುವ ತೊಟ್ಟಿಯನ್ನು ಮಾತ್ರ ಕಬ್ಬಿಣದ ಸಲಾಕೆಯಿಂದ ಕೆರೆಯಲು ಬಿಡಬೇಡಿ.

ವೋಲ್ಟೇಜು ಕಡಿಮೆಯಾಗಿರಬಹುದೆಂದು ಕೆಲವರು ಹೇಳಿಯಾರು. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ 15 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 21 ನಿಮಿಷ ತೆಗೆದುಕೊಂಡರೆ, 180 ವೋಲ್ಟಿನಲ್ಲಿ 34 ನಿಮಿಷ ಬೇಕಾಗುತ್ತದೆ. ತಡವಾದೀತೇ ಹೊರತು ಒಂದು ಗಂಟೆಯ ನಂತರವೂ ತಣ್ಣಗಿರಲಾರದು. ಮಿಕ್ಸರ್ ನಲ್ಲಿಯೊಳಗೆ ತಣ್ಣೀರು ಬೆರೆಯುತ್ತಿದೆಯೇ ಎಂಬುದನ್ನು, ಗೀಸರಿನಿಂದ ಹೊರಡುವ ಪೈಪನ್ನು ಜಾಗರೂಕತೆಯಿಂದ ಮುಟ್ಟಿ ಪರೀಕ್ಷಿಸಬಹುದು; ಪೈಪು ಬಿಸಿಯಾಗಿದ್ದರೆ ತಪ್ಪು ನಲ್ಲಿಯದು.

ಮುಚ್ಚಳವನ್ನು ನೀವು ತೆಗೆಯಬೇಡಿ. ಎಲೆಕ್ಟ್ರಿಷಿಯನ್ ಬಿಚ್ಚುವ ಮುನ್ನ, ಕರೆಂಟನ್ನು ಕಡಿಯುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿರಬೇಕು. ಕಟ್‌ಔಟ್ ಮತ್ತೆ ಮತ್ತೆ ಜಿಗಿಯುತ್ತಿದ್ದರೆ ಅದನ್ನು ಒತ್ತಿ ಒತ್ತಿ ನಡೆಸುವುದು ಸರಿಯಲ್ಲ. ದುರಸ್ತಿಯಾದ ಮೇಲೆ ಬಿಸಿನೀರಿನ ನಲ್ಲಿಯನ್ನು ತೆರೆದು, ಗಾಳಿ ಹೋಗಿ ನೀರು ಒಂದೇ ಸಮನೆ ಬಂದ ನಂತರವೇ ಸ್ವಿಚ್ ಹಾಕಿರಿ. ಖಾಲಿ ತೊಟ್ಟಿಯಲ್ಲಿ ಹೊಸ ಕಾಯಿಲು ಕೆಲವೇ ನಿಮಿಷಗಳಲ್ಲಿ ಸುಟ್ಟೀತು. ಥರ್ಮೋಸ್ಟ್ಯಾಟನ್ನು 50–55 ಡಿಗ್ರಿಗೆ ಇಟ್ಟುಕೊಂಡರೆ ಸುಣ್ಣ ಕಟ್ಟುವುದೂ ನಿಧಾನವಾಗುತ್ತದೆ.