ಓದುಗರ ಪ್ರಶ್ನೆ: ಜಲಪಾತವಿರುವ ಆ ಸ್ಟೇಜ್ ಅಸಲಿ ಮಾರಿಯೊ ಆಟದ್ದಲ್ಲವೇ?

ಪ್ರಶ್ನೆ: ನಿಂಟೆಂಡೊ ಕಂಪನಿಯ ಪಾತ್ರಗಳು ಹೊಡೆದಾಡುವ ವಿಡಿಯೊ ಗೇಮ್ 'ಸೂಪರ್ ಸ್ಮ್ಯಾಶ್ ಬ್ರದರ್ಸ್'ನಲ್ಲಿ ನಡುವೆ ಜಲಪಾತವಿದ್ದು, ಗುಲಾಬಿ ಬಣ್ಣದ ಪ್ರಾಣಿಯೊಂದು ಬಾಯಿಂದ ಮೊಟ್ಟೆ ಉಗುಳುವ ಹಳೆಯ ಶೈಲಿಯ ಸ್ಟೇಜ್ (ಹೊಡೆದಾಟದ ಅಂಗಳ) ಯಾವ ಆಟದಿಂದ ಬಂದದ್ದು? ಅದು ಅಸಲಿ ಮಾರಿಯೊ ಆಟವೇ ಅಲ್ಲ, ಬೇರೆ ಯಾವುದೋ ಆಟಕ್ಕೆ ಮಾರಿಯೊ ಮುಖ ಅಂಟಿಸಿದ್ದು ಎನ್ನುತ್ತಾರಲ್ಲ, ನಿಜವೇ?

ಉತ್ತರ: ಪ್ರಶ್ನೆಯ ಮೊದಲರ್ಧಕ್ಕೆ ಹೆಚ್ಚು ಮಾತು ಬೇಕಿಲ್ಲ. ಆ ಸ್ಟೇಜ್‌ನ ಹೆಸರು 'ಮಶ್ರೂಮ್ ಕಿಂಗ್‌ಡಮ್ 2'. 2001ರಲ್ಲಿ ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂದ ಸ್ಮ್ಯಾಶ್ ಸರಣಿಯ 'ಮೆಲೀ'ಯಲ್ಲಿ ಅದು ಮೊದಲು ಕಾಣಿಸಿಕೊಂಡಿತು, ಅದೇ ಸರಣಿಯ 2018ರ 'ಅಲ್ಟಿಮೇಟ್'ನಲ್ಲಿ ಮರಳಿ ಬಂದಿತು. ಜಲಪಾತದ ಜೊತೆ ಕೆಳಗಿಳಿಯುವ ಮರದ ದಿಮ್ಮಿಗಳು, ಹಾರುವ ಚಾಪೆಯ ಮೇಲೆ ಬರುವ ಪಿಜಿಟ್ ಎಂಬ ಹಕ್ಕಿ, ಮೊಟ್ಟೆ ಉಗುಳುವ ಬರ್ಡೊ, ಇವೆಲ್ಲವೂ 1988ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ 'ಸೂಪರ್ ಮಾರಿಯೊ ಬ್ರದರ್ಸ್ 2' ಆಟದವು. ಟಿವಿಗೆ ಸಿಕ್ಕಿಸುವ ಅಗ್ಗದ ವಿಡಿಯೊ ಗೇಮ್ ಡಬ್ಬಿಗಳಲ್ಲಿ 'ಕ್ಯಾಸೆಟ್' ಹಾಕಿ ಆಡಿ ಬೆಳೆದ ನಮ್ಮಲ್ಲಿ ಬಹಳ ಮಂದಿಗೆ ಮೊದಲ ಮಾರಿಯೊ ಚೆನ್ನಾಗಿ ಗೊತ್ತು, ಎರಡನೆಯದು ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಈ ಸ್ಟೇಜ್ ಅಪರಿಚಿತ ಎನಿಸುವುದು ಸಹಜ.

ಎರಡನೆಯ ಅರ್ಧವೇ ನನ್ನ ತಲೆನೋವು. 'ಎರಡನೆಯ ಮಾರಿಯೊ ನಕಲಿ' ಎಂಬ ಮಾತನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕ ತಪ್ಪಿದೆ. ಆ ಮಾತಿನಲ್ಲಿ ಒಂದು ಹಿಡಿಯಷ್ಟು ಸತ್ಯವಿರುವುದರಿಂದಲೇ ಅದು ಸಾಯುತ್ತಿಲ್ಲ. ಹಾಗಾಗಿ ಮೊದಲು ಆ ಒಂದು ಹಿಡಿಯನ್ನು ಒಪ್ಪಿಕೊಂಡೇ ಮುಂದುವರಿಯೋಣ.

ಜಪಾನಿನಲ್ಲಿ 1986ರಲ್ಲಿಯೇ ಬೇರೊಂದು 'ಸೂಪರ್ ಮಾರಿಯೊ ಬ್ರದರ್ಸ್ 2' ಬಂದಿತ್ತು. ನೋಟಕ್ಕೆ ಮೊದಲ ಆಟದಂತೆಯೇ ಇದ್ದ ಅದರಲ್ಲಿ ವಿಷದ ಅಣಬೆ ಇತ್ತು, ಜಿಗಿತವನ್ನು ಕೆಡಿಸುವ ಗಾಳಿ ಇತ್ತು, ಆಟಗಾರನನ್ನು ಬೇಕೆಂದೇ ಗೋಳು ಹೊಯ್ದುಕೊಳ್ಳುವ ಬುದ್ಧಿಯೂ ಇತ್ತು. ಅದನ್ನು ಆಡಿ ನೋಡಿದ ನಿಂಟೆಂಡೊದ ಅಮೆರಿಕ ಶಾಖೆಯ ಹೊವರ್ಡ್ ಫಿಲಿಪ್ಸ್, ಇದು ಅಲ್ಲಿನವರಿಗೆ ವಿಪರೀತ ಕಷ್ಟವೆಂದು ಅಭಿಪ್ರಾಯಪಟ್ಟರು. ಅಮೆರಿಕದ ಮಾರುಕಟ್ಟೆಗೆ ಬೇರೊಂದು ಆಟ ಬೇಕಾಯಿತು. ಆಗ ಆಯ್ಕೆಯಾದದ್ದು 1987ರ ಜುಲೈನಲ್ಲಿ ಜಪಾನಿನ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್ ಎಂಬ ಆಟದ ಯಂತ್ರಕ್ಕೆ ಬಂದಿದ್ದ 'ಯುಮೆ ಕೋಜೊ: ಡೋಕಿ ಡೋಕಿ ಪ್ಯಾನಿಕ್'. ಜಪಾನಿನ ಫುಜಿ ಟಿವಿ ವಾಹಿನಿ ಏರ್ಪಡಿಸಿದ್ದ ಉತ್ಸವವೊಂದರ ಪಾತ್ರಗಳು ಅದರ ನಾಯಕರು: ಇಮಾಜಿನ್, ಮಾಮಾ, ಪಾಪಾ, ಲೀನಾ. ಇವರ ಜಾಗದಲ್ಲಿ ಕ್ರಮವಾಗಿ ಮಾರಿಯೊ ಲೋಕದ ಮಾರಿಯೊ, ಲೂಯಿಜಿ, ಟೋಡ್, ಪೀಚ್ ಬಂದು ನಿಂತರು. ಇಷ್ಟು ನಿಜ.

ಆದರೆ ವದಂತಿ ಹೇಳುವವರು ಇಲ್ಲಿಗೇ ನಿಲ್ಲುತ್ತಾರೆ, ಕಥೆ ಆರಂಭವಾಗುವುದು ಇದಕ್ಕೂ ಹಿಂದೆ. 'ಡೋಕಿ ಡೋಕಿ ಪ್ಯಾನಿಕ್' ಯಾವನೋ ಹೊರಗಿನವನು ಮಾಡಿದ ಆಟವಲ್ಲ. ನಿಂಟೆಂಡೊದ ಒಳಗೇ ಮಾರಿಯೊ ಸೃಷ್ಟಿಸಿದ ಶಿಗೆರು ಮಿಯಾಮೊಟೊ ಅವರ ಬಳಗ ತಯಾರಿಸಿದ ಆಟ ಅದು. ಅದರ ನಿರ್ದೇಶಕರು ಕೆನ್ಸುಕೆ ತನಾಬೆ, ಸಂಗೀತ ಮಾರಿಯೊಗೆ ರಾಗ ಕೊಟ್ಟ ಅದೇ ಕೋಜಿ ಕೊಂಡೊ ಅವರದು. ತನಾಬೆ ಅವರೇ ಮುಂದೆ ಸಂದರ್ಶನದಲ್ಲಿ ವಿವರಿಸಿದಂತೆ, ಈ ಆಟದ ಬೀಜ ಇನ್ನೂ ಹಳೆಯದು. ಇಬ್ಬರು ಆಟಗಾರರು ಒಬ್ಬರನ್ನೊಬ್ಬರು ಎತ್ತಿ ಎಸೆಯುತ್ತ, ಇಟ್ಟಿಗೆಗಳನ್ನು ಪೇರಿಸುತ್ತ ಪರದೆಯಲ್ಲಿ ಮೇಲಕ್ಕೆ ಏರುವ ಒಂದು ಪ್ರಾಯೋಗಿಕ ಮಾದರಿ ಅದು. ಅಷ್ಟರಿಂದಲೇ ಆಟ ರುಚಿಸುವುದಿಲ್ಲವೆಂದು ಕಂಡಾಗ, ಪಕ್ಕಕ್ಕೂ ಸರಿಯುವಂತೆ ಮಾಡಿ ಇನ್ನಷ್ಟು ಮಾರಿಯೊ ಆಟದ ಹಾಗೆ ತಿದ್ದಬೇಕೆಂದು ಮಿಯಾಮೊಟೊ ಸೂಚಿಸಿದರು. ಅಂದರೆ ಫುಜಿ ಟಿವಿಯ ಪಾತ್ರಗಳು ಬರುವುದಕ್ಕೆ ಮೊದಲೇ ಆ ಆಟದ ಮೈಯಲ್ಲಿ ಮಾರಿಯೊ ರಕ್ತ ಸೇರಿತ್ತು. ಉತ್ಸವದ ಆಟದಲ್ಲಿಯೇ ಮಿನುಗುವ ನಕ್ಷತ್ರ ಇತ್ತು, ಎಸೆದರೆ ಶತ್ರುಗಳಿಗೆ ಪೆಟ್ಟು ಕೊಡುವ 'ಪೌ' ಇಟ್ಟಿಗೆ ಇತ್ತು, ಲೆವೆಲ್ ಹಾರಿಸುವ ಗುಟ್ಟಿನ ದಾರಿಯೂ ಇತ್ತು. ಅವನ್ನು ಯಾರೂ ಅಮೆರಿಕದಲ್ಲಿ ಅಂಟಿಸಲಿಲ್ಲ. ಮನೆಮಗ ಪಕ್ಕದ ಮನೆಯ ಅಂಗಿ ತೊಟ್ಟು ಒಂದು ಮದುವೆಗೆ ಹೋಗಿ ಬಂದನೆಂದು ಅವನನ್ನು ದತ್ತು ಮಗ ಎಂದು ಕರೆಯುತ್ತೀರಾ?

ಇನ್ನು 'ಮುಖ ಅಂಟಿಸಿದ್ದಷ್ಟೆ' ಎಂಬುದೂ ತಪ್ಪು. ಅಮೆರಿಕದ ಆವೃತ್ತಿಯಲ್ಲಿ ಬಟನ್ ಒತ್ತಿ ಓಡುವ ಸೌಲಭ್ಯ ಹೊಸದಾಗಿ ಬಂದಿತು, ಪೆಟ್ಟು ತಿಂದು ಕೊನೆಯ ಉಸಿರಿನಲ್ಲಿರುವಾಗ ಪಾತ್ರ ಕುಗ್ಗುವಂತಾಯಿತು, ಐದನೆಯ ವರ್ಲ್ಡ್‌ನ (ಹಂತದ) ಕೊನೆಯಲ್ಲಿ ಎದುರಾಗುವ ಬಾಸ್ ಆಗಿ ಕ್ಲಾಗ್ರಿಪ್ ಎಂಬ ಹೊಸ ಏಡಿ ಬಂದು ಕುಳಿತಿತು. ಮೂಲದಲ್ಲಿ ನಿಜವಾದ ಮುಕ್ತಾಯ ನೋಡಬೇಕಾದರೆ ನಾಲ್ಕೂ ಪಾತ್ರಗಳಿಂದ ಆಟ ಮುಗಿಸಬೇಕಿತ್ತು. ಹೊಸದರಲ್ಲಿ ಪ್ರತಿ ಲೆವೆಲ್‌ಗೂ ಬೇಕಾದವರನ್ನು ಆರಿಸಿಕೊಳ್ಳಬಹುದು. 1992ರಲ್ಲಿ ಇದೇ ಆಟ 'ಸೂಪರ್ ಮಾರಿಯೊ ಯುಎಸ್‌ಎ' ಎಂಬ ಹೆಸರಿನಲ್ಲಿ ಜಪಾನಿಗೂ ಹೋಯಿತು. ನಕಲಿಯಾಗಿದ್ದರೆ ತವರಿನವರು ಮಾರಿಯೊ ಹೆಸರಿನಲ್ಲೇ ಅದನ್ನು ಏಕೆ ಮಾರುತ್ತಿದ್ದರು?

ನೀವು ಸ್ಮ್ಯಾಶ್ ಆಡುವವರಾದ್ದರಿಂದ ಇನ್ನೊಂದು ಸಾಕ್ಷ್ಯ ನಿಮ್ಮ ಕೈಯಲ್ಲೇ ಇದೆ. ಪೀಚ್ ನೆಲದಿಂದ ಗೆಡ್ಡೆ ಕಿತ್ತು ಎಸೆಯುವುದು, ಗಾಳಿಯಲ್ಲಿ ಕೆಲಹೊತ್ತು ತೇಲುವುದು, ಎರಡೂ ಈ ಆಟದ ಕೊಡುಗೆ. ಕಾಲು ಮೂಡಿ ನಡೆದುಬರುವ ಬಾಬ್-ಓಂಬ್ ಎಂಬ ಬಾಂಬ್ ಹುಟ್ಟಿದ್ದೂ 'ಡೋಕಿ ಡೋಕಿ ಪ್ಯಾನಿಕ್'ನಲ್ಲಿಯೇ, ಮುಖವಾಡದ ಶೈ ಗೈ ಹುಟ್ಟಿದ್ದೂ ಅಲ್ಲಿಯೇ. ಲೂಯಿಜಿ ಮಾರಿಯೊಗಿಂತ ಎತ್ತರವಾಗಿ ಬೆಳೆದದ್ದೂ ಇದರಿಂದ. ಅವನ ಎತ್ತರದ ಜಿಗಿತವನ್ನೂ ಕೆಲವರು ಇದೇ ಖಾತೆಗೆ ಬರೆಯುತ್ತಾರೆ. ಅದು ಸರಿಯಲ್ಲ, ಆ ಜಿಗಿತ 1986ರ ಜಪಾನಿನ ಆಟದಲ್ಲಿಯೇ ಇತ್ತು. ವದಂತಿಯನ್ನು ಒಡೆಯುವ ಉತ್ಸಾಹದಲ್ಲಿ ಇನ್ನೊಂದು ವದಂತಿಯನ್ನು ಹುಟ್ಟಿಸಬಾರದು.

ಎಲ್ಲಕ್ಕಿಂತ ವಿನೋದವೆಂದರೆ ಸ್ಮ್ಯಾಶ್ ಹುಟ್ಟಿದ್ದೂ ಹೀಗೆಯೇ. ಸ್ಮ್ಯಾಶ್‌ನ ಸೃಷ್ಟಿಕರ್ತ ಮಸಾಹಿರೊ ಸಕುರಾಯಿ ಮೊದಲು ನಿಂಟೆಂಡೊ 64 ಎಂಬ ಆಟದ ಯಂತ್ರಕ್ಕಾಗಿ 'ಡ್ರ್ಯಾಗನ್ ಕಿಂಗ್' ಎಂಬ ಮಾದರಿಯನ್ನು ಕಟ್ಟಿದ್ದರು, ಅದರ ಪ್ರೋಗ್ರಾಮಿಂಗ್ ಸಟೋರು ಇವಾಟಾ ಅವರದು. ಅದರಲ್ಲಿ ಹೊಡೆದಾಡುತ್ತಿದ್ದವರು ಹೆಸರಿಲ್ಲದ ಬೊಂಬೆಗಳಂಥವರು. ಮಾರಿಯೊ, ಡಾಂಕಿ ಕಾಂಗ್, ಸಾಮಸ್, ಫಾಕ್ಸ್ ಅವರ ಜಾಗಕ್ಕೆ ಬಂದದ್ದು ನಂತರ, ಅದೂ ಮೊದಲಿಗೆ ನಿಂಟೆಂಡೊದ ಅನುಮತಿಯನ್ನೂ ಪಡೆಯದೆ. ಬೇರೆ ಪಾತ್ರಗಳಿಗೆಂದು ಕಟ್ಟಿದ ಆಟಕ್ಕೆ ಮಾರಿಯೊ ಬಂದರೆ ಅದು ನಕಲಿ ಎಂಬುದೇ ನಿಯಮವಾದರೆ, ಆ ಸ್ಟೇಜನ್ನು ದೂರುತ್ತ ನೀವು ಆಡುತ್ತಿರುವ ಇಡೀ ಆಟವೇ ನಕಲಿಯಾಗುತ್ತದೆ.

ಈ ಸ್ಟೇಜ್‌ನ ಬಗ್ಗೆ ಆಕ್ಷೇಪ ಎತ್ತಲೇಬೇಕೆಂದಿದ್ದರೆ ಅದರ ಹೆಸರಿನ ಬಗ್ಗೆ ಎತ್ತಿ, ನಾನೂ ಜೊತೆಗೂಡುತ್ತೇನೆ. 'ಸೂಪರ್ ಮಾರಿಯೊ ಬ್ರದರ್ಸ್ 2' ನಡೆಯುವುದು ಮಾರಿಯೊನ ಎಂದಿನ ನಾಡಾದ ಅಣಬೆಗಳ ರಾಜ್ಯದಲ್ಲಿ (ಮಶ್ರೂಮ್ ಕಿಂಗ್‌ಡಮ್) ಅಲ್ಲವೇ ಅಲ್ಲ, ಸಬ್‌ಕಾನ್ ಎಂಬ ಕನಸಿನ ನಾಡಿನಲ್ಲಿ. ಕೊನೆಯಲ್ಲಿ ಮಾರಿಯೊ ಮಲಗಿರುವುದನ್ನೂ ತೋರಿಸುತ್ತಾರೆ. ಹಾಗಿರುವಾಗ 'ಮಶ್ರೂಮ್ ಕಿಂಗ್‌ಡಮ್ 2' ಎಂಬ ಹೆಸರು ಆಟದ ಹೆಸರಿನಲ್ಲಿರುವ ಅಂಕಿಯನ್ನು ಹಿಡಿದುಕೊಂಡು ಊರನ್ನೇ ತಪ್ಪಾಗಿ ಬರೆದಂತಾಗಿದೆ. ಆ ನಾಡನ್ನು ಆಳುತ್ತಿದ್ದ ಕಪ್ಪೆರಾಜ ವಾರ್ಟ್ ಕೂಡ ಈ ಸ್ಟೇಜ್‌ನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅವನು ಎಲ್ಲಿಗೆ ಹೋದ ಎಂದು ಯಾರೂ ಕೇಳಿಲ್ಲವಾದರೂ ಹೇಳಿಬಿಡುತ್ತೇನೆ: ಜಪಾನಿನಲ್ಲಿ ಅವನ ಹೆಸರು ಮಾಮು, ಮತ್ತು 1993ರ 'ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್'ನಲ್ಲಿ ಅದೇ ಹೆಸರಿನಲ್ಲಿ ಕುಳಿತು, ಕೇಳಿದಷ್ಟು ರೂಪಾಯಿ ಕೊಟ್ಟರೆ (ಆ ಆಟದ ನಾಣ್ಯಕ್ಕೆ ಹೆಸರೇ 'ರುಪೀ') ಆ ಆಟದ ನಾಯಕ ಲಿಂಕ್‌ಗೆ ಒಂದು ಹಾಡು ಕಲಿಸುತ್ತಾನೆ. ಆ ಆಟದ ಕಥೆಯೂ ಕನಸೇ.