ವಿ.ಆರ್. ತರಬೇತಿ: ಯಾವುದು ಹೌದು, ಯಾವುದು ಅಲ್ಲ

ನರ್ಸಿಂಗ್ ಶಿಕ್ಷಣದ ಬಗ್ಗೆ ಬರೆಯುವವರು ಈಚೆಗೆ ‘ವರ್ಚುವಲ್ ರಿಯಾಲಿಟಿ’ (ವಿ.ಆರ್.) ಎಂಬ ಹೆಸರನ್ನು ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟಿಸುತ್ತಿದ್ದಾರೆ. ಹೆಡ್‌ಸೆಟ್, ಅಂದರೆ ತಲೆಗೆ ತೊಡುವ ಪರದೆಯ ಮೂಲಕ, ಕಂಪ್ಯೂಟರ್ ಕಟ್ಟಿದ ಜಗತ್ತಿನೊಳಗೇ ಇದ್ದಂತೆ ಅನಿಸುವಂತೆ ಮಾಡುವ ತಂತ್ರ ಅದು. ವಾರ್ಡಿನ 360 ಡಿಗ್ರಿ ವಿಡಿಯೊ, ಪರದೆಯ ಮೇಲೆ ಮೌಸ್ ಒತ್ತುತ್ತ ಉತ್ತರ ಆರಿಸುವ ಪಾಠ, ಕೊನೆಗೆ ಪ್ಲಾಸ್ಟಿಕ್ ಬೊಂಬೆಯ ಮೇಲಿನ ಅಭ್ಯಾಸ ಕೂಡ ವಿ.ಆರ್. ಆಗಿಬಿಟ್ಟಿದೆ. ಹೆಸರು ಹೇಗಿದ್ದರೇನು ಎಂದು ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿಗಳು ಯಾವುದನ್ನು ಕಲಿತಿದ್ದಾರೆ, ಯಾವುದನ್ನು ಬರೀ ನೋಡಿದ್ದಾರೆ ಎಂಬ ಲೆಕ್ಕವೇ ಇದರಿಂದ ತಪ್ಪುತ್ತದೆ.

ಒಂದು ಸನ್ನಿವೇಶ ತೆಗೆದುಕೊಳ್ಳಿ. ರೋಗಿಗೆ ಡ್ರಿಪ್ ಮೂಲಕ ಆಂಟಿಬಯಾಟಿಕ್ ಕೊಡಲು ಶುರು ಮಾಡಿ ಕೆಲವೇ ನಿಮಿಷಗಳಾಗಿವೆ. ಮೈ ತುರಿಕೆ, ಕುತ್ತಿಗೆಯ ಮೇಲೆ ದದ್ದು, ದನಿ ಗೊಗ್ಗರಾಗುತ್ತಿದೆ: ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಎರವಾಗಬಲ್ಲ ತೀವ್ರ ಅಲರ್ಜಿ. 360 ಡಿಗ್ರಿ ವಿಡಿಯೊದಲ್ಲಿ ಎತ್ತ ಬೇಕಾದರೂ ತಲೆ ತಿರುಗಿಸಬಹುದು, ಆದರೆ ಡ್ರಿಪ್ ನಿಲ್ಲಿಸಲಾಗದು. ನೋಡುವವರು ಏನು ಮಾಡಿದರೂ ಮಾಡದಿದ್ದರೂ ರಕ್ತದೊತ್ತಡ ಚಿತ್ರೀಕರಣದ ದಿನ ಕುಸಿದಂತೆಯೇ ಕುಸಿಯುತ್ತದೆ. ವಿ.ಆರ್.ನಲ್ಲಿ ಹಾಗಲ್ಲ. ಕ್ಲಾಂಪ್ ಮುಚ್ಚಿದರೆ ಔಷಧ ನಿಲ್ಲುತ್ತದೆ. ಸಹಾಯಕ್ಕೆ ಕರೆದು, ತೊಡೆಯ ಹೊರಮಗ್ಗುಲಿನ ಸ್ನಾಯುವಿಗೆ ಅಡ್ರಿನಲಿನ್ ಕೊಟ್ಟರೆ ರೋಗಿ ಚೇತರಿಸಿಕೊಳ್ಳತೊಡಗುತ್ತಾನೆ. ಕೇಸ್ ಶೀಟ್ ತಿರುವಿಹಾಕುತ್ತ ನಿಂತರೆ ಮಾನಿಟರ್‌ನ ಅಂಕಿ ಇಳಿಯುತ್ತಲೇ ಹೋಗುತ್ತದೆ. ಮಾಡಿದ್ದಕ್ಕೆ ತಕ್ಕ ಫಲ ಅಲ್ಲೇ, ಆಗಲೇ ಕಾಣಿಸಬೇಕು. ವಿ.ಆರ್. ಎನ್ನಲು ಇದು ಮೊದಲ ಲಕ್ಷಣ.

ಎರಡನೆಯದು, ದೇಹದ ಚಲನೆಗೆ ದೃಶ್ಯ ಸ್ಪಂದಿಸಬೇಕು. ಮಂಚದ ಕೆಳಗೆ ತೂಗುವ ಮೂತ್ರದ ಚೀಲ ತುಂಬಿದೆಯೇ ಎಂದು ನೋಡಲು ಬಗ್ಗಿದರೆ ಅದು ಹತ್ತಿರವಾಗಬೇಕು. ಕೆಲವು ಅಗ್ಗದ ಸಾಧನಗಳು ತಲೆ ತಿರುಗಿದ್ದನ್ನು ಮಾತ್ರ ಗುರುತಿಸುತ್ತವೆ, ಬಗ್ಗಿದ್ದನ್ನಾಗಲಿ ಹೆಜ್ಜೆ ಇಟ್ಟಿದ್ದನ್ನಾಗಲಿ ಗುರುತಿಸುವುದಿಲ್ಲ. ಹಾಗಾಗಿ ಬಗ್ಗಿದರೆ ಇಡೀ ವಾರ್ಡೇ ತಲೆಯೊಂದಿಗೆ ಕೆಳಗಿಳಿಯುತ್ತದೆ. ಕಣ್ಣು ಹೇಳುವುದಕ್ಕೂ ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ ತಲೆಸುತ್ತು, ವಾಕರಿಕೆ ಬರುತ್ತದೆ.

ಚಿತ್ರ ಎಷ್ಟು ನೈಜವಾಗಿದೆ ಎಂಬುದು ಈ ಎರಡರ ನಂತರದ ಮಾತು. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ತಲೆಗೆ ತೊಡುವ ಪರದೆಯನ್ನು ಪರಿಚಯಿಸಿದಾಗ ಅದರಲ್ಲಿ ಕಾಣುತ್ತಿದ್ದುದು ಬರೀ ಗೆರೆಗಳಿಂದಾದ ಆಕೃತಿಗಳು. ಆದರೆ ತಲೆ ಸರಿದಂತೆ ನೋಟವೂ ಸರಿಯುತ್ತಿತ್ತು. ‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರನ್ನು ಅಮೆರಿಕದ ಇನ್ನೊಬ್ಬ ಕಂಪ್ಯೂಟರ್ ತಜ್ಞ ಜೇರನ್ ಲೇನಿಯರ್ ಜನಪ್ರಿಯಗೊಳಿಸಿದ್ದು 1980ರ ದಶಕದಲ್ಲಿ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವ ಗೊಂದಲ: ಸಿಮ್ಯುಲೇಷನ್ ಎಂದರೆ ವಿ.ಆರ್. ಎಂದುಕೊಳ್ಳುವುದು. ಸಿಮ್ಯುಲೇಷನ್, ಅಂದರೆ ನಿಜದ ಸನ್ನಿವೇಶವನ್ನು ಹೋಲುವಂತೆ ಕಟ್ಟಿಕೊಂಡು ಮಾಡುವ ಅಭ್ಯಾಸ, ದೊಡ್ಡ ಛತ್ರಿ; ವಿ.ಆರ್. ಅದರ ಒಂದು ಕಡ್ಡಿ. ಅಮೆರಿಕದ ಹಾರ್ಟ್‌ಫರ್ಡ್‌ನ ನರ್ಸಿಂಗ್ ತರಬೇತಿ ಶಾಲೆಗೆ ‘ಮಿಸೆಸ್ ಚೇಸ್’ ಎಂಬ ಆಳೆತ್ತರದ ಬೊಂಬೆ ಬಂದದ್ದು 1911ರಲ್ಲಿ. ರೋಗಿಯನ್ನು ಮಗ್ಗುಲು ಬದಲಿಸುವುದು, ಎತ್ತಿ ಕೂರಿಸುವುದನ್ನೆಲ್ಲ ಅದರ ಮೇಲೆ ಕಲಿಸುತ್ತಿದ್ದರು. ಬಾಯಿಗೆ ಬಾಯಿಟ್ಟು ಉಸಿರು ತುಂಬುವ ಅಭ್ಯಾಸಕ್ಕಾಗಿ ನಾರ್ವೆಯ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ‘ರಿಸಸಿ ಆ್ಯನ್’ ಬೊಂಬೆಯನ್ನು ತಂದರು. ಇವೆಲ್ಲ ಸಿಮ್ಯುಲೇಷನ್, ಯಾವುದೂ ವಿ.ಆರ್. ಅಲ್ಲ.

ಈ ಗೊಂದಲದಿಂದ ನಿಜವಾದ ಹಾನಿ ಆಗುವುದು 2014ರ ಒಂದು ಅಧ್ಯಯನವನ್ನು ಉಲ್ಲೇಖಿಸುವಾಗ. ಅಮೆರಿಕದ ರಾಜ್ಯ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಪರಿಷತ್ತು 10 ನರ್ಸಿಂಗ್ ಕಾರ್ಯಕ್ರಮಗಳಲ್ಲಿ ನಡೆಸಿದ ಅಧ್ಯಯನವದು. ಆಸ್ಪತ್ರೆಯಲ್ಲಿ ಕಳೆಯುವ ತರಬೇತಿಯ ಅವಧಿಯಲ್ಲಿ ಶೇ 50ರವರೆಗೆ ಸಿಮ್ಯುಲೇಷನ್‌ಗೆ ಬಿಟ್ಟರೂ ಫಲಿತಾಂಶ ಕುಗ್ಗಲಿಲ್ಲ ಎಂದು ಅದು ಕಂಡುಕೊಂಡಿತು. ‘ಅರ್ಧ ತರಬೇತಿಯನ್ನು ವಿ.ಆರ್.ನಲ್ಲೇ ಕೊಡಬಹುದು’ ಎನ್ನಲು ಇದನ್ನೇ ಎಳೆದು ತರುತ್ತಾರೆ. ಅಲ್ಲಿ ಬಳಕೆಯಾದದ್ದು ಬೊಂಬೆಗಳು, ರೋಗಿಯ ಪಾತ್ರ ವಹಿಸಲು ತರಬೇತಾದ ವ್ಯಕ್ತಿಗಳು, ಕಂಪ್ಯೂಟರ್ ಅಭ್ಯಾಸಗಳು ಮೊದಲಾದವು. ಇಂದಿನ ಬಗೆಯ ಹೆಡ್‌ಸೆಟ್‌ಗಳು ಆಗಿನ್ನೂ ಸಾಮಾನ್ಯ ಮಾರುಕಟ್ಟೆಗೇ ಬಂದಿರಲಿಲ್ಲ. ತರಬೇತಾದ ಬೋಧಕರು ಬೇಕು, ಅಭ್ಯಾಸದ ನಂತರ ಕೂಡಿ ಕುಳಿತು ನಡೆದದ್ದನ್ನು ಕ್ರಮವಾಗಿ ಚರ್ಚಿಸುವ ಡಿಬ್ರೀಫಿಂಗ್ ಬೇಕು ಎಂಬ ಷರತ್ತುಗಳನ್ನಂತೂ ಉಲ್ಲೇಖಿಸುವವರು ಸದ್ದಿಲ್ಲದೆ ಕೈಬಿಡುತ್ತಾರೆ.

‘ಕ್ಲಿನಿಕಲ್ ಕೌಶಲ’ ಎಂಬುದನ್ನೂ ಬಿಡಿಸಿ ನೋಡಬೇಕು. ಹದಗೆಡುತ್ತಿರುವ ರೋಗಿಯನ್ನು ಗುರುತಿಸುವುದು, ಯಾವುದು ಮೊದಲು ಯಾವುದು ನಂತರ ಎಂದು ನಿರ್ಧರಿಸುವುದು, ಇವುಗಳಿಗೆ ವಿ.ಆರ್. ಹೇಳಿ ಮಾಡಿಸಿದಂತಿದೆ. ಯಾರಿಗೂ ಅಪಾಯವಿಲ್ಲದೆ ಅದೇ ಸನ್ನಿವೇಶವನ್ನು ಮತ್ತೆ ಮತ್ತೆ ಎದುರಿಸಬಹುದು. ಕ್ಯಾನುಲಾ, ಅಂದರೆ ರಕ್ತನಾಳದೊಳಗೆ ಕೂರಿಸುವ ಸಣ್ಣ ನಳಿಕೆ, ಹಾಕುವುದು ಬೇರೆಯೇ ವಿದ್ಯೆ. ಬೆರಳಿನಿಂದ ಒತ್ತಿ ರಕ್ತನಾಳ ಪುಟಿಯುವುದನ್ನು ತಿಳಿಯಬೇಕು. ಒಂದು ಕೈಯಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದರಲ್ಲಿ ಸೂಜಿಯನ್ನು ಓರೆಯಾಗಿ ಚುಚ್ಚಬೇಕು. ಹಿಂದಿನ ಪುಟ್ಟ ಕೋಶದಲ್ಲಿ ರಕ್ತ ಕಂಡೊಡನೆ ಕೋನ ತಗ್ಗಿಸಿ, ತುಸು ಮುಂದೆ ಸರಿಸಿ, ಬಳಿಕ ಪ್ಲಾಸ್ಟಿಕ್ ನಳಿಕೆಯನ್ನಷ್ಟೇ ಒಳಗೆ ಜಾರಿಸಬೇಕು. ಕೈಯಲ್ಲಿ ಹಿಡಿಯುವ ಸಾಮಾನ್ಯ ಕಂಟ್ರೋಲರ್ ನಡುಗಬಲ್ಲದು, ಚರ್ಮದಂತೆ ತಡೆ ಒಡ್ಡಲಾರದು. ಆ ತಡೆಯನ್ನು ಕೊಡುವ ಹ್ಯಾಪ್ಟಿಕ್ ಸಾಧನಗಳು ಬೇರೆ ಇವೆ. ಅವಿಲ್ಲದಿದ್ದರೆ ಕಲಿಯುವುದು ಹಂತಗಳ ಕ್ರಮವನ್ನು ಮಾತ್ರ.

ಕೈತೊಳೆಯುವುದರಲ್ಲೂ ಇದೇ ಕಥೆ. ಆಲ್ಕೋಹಾಲ್ ದ್ರವ ಹಚ್ಚಿ ಉಜ್ಜಲು 20ರಿಂದ 30 ಸೆಕೆಂಡು, ಸೋಪು ನೀರಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೆ ಕೈ ಶುದ್ಧವಾಯಿತು ಎಂದು ತೋರಿಸುವ ಪ್ರೋಗ್ರಾಂ, ಯಾವಾಗ ತೊಳೆಯಬೇಕೆಂದು ನೆನಪಿಸೀತು. ಹೇಗೆ ತೊಳೆಯಬೇಕೆಂದು ಕಲಿಸಲು ಹೆಡ್‌ಸೆಟ್ ತೆಗೆಸಿ ನಲ್ಲಿಯ ಮುಂದೆ ನಿಲ್ಲಿಸುವುದೇ ಸರಿ.