ಧಿಂಗಿಣ ಹಾಕಿದರೆ ವಿಡಿಯೋ ಯಾಕೆ ಒಡೆಯುತ್ತದೆ?

ಯಕ್ಷಗಾನದ ವಿಡಿಯೋ ಮಾಡಿ ಆನ್‌ಲೈನ್‌ನಲ್ಲಿ ಹಾಕುವ ಹುಡುಗನೊಬ್ಬ ನನಗೆ ಗೊತ್ತು. ರಾತ್ರಿಯಿಡೀ ರಂಗಸ್ಥಳದ ಎದುರು ನಿದ್ದೆಗೆಟ್ಟು ನಿಲ್ಲುತ್ತಾನೆ. ಅವನ ಗೋಳು ಒಂದೇ. ಭಾಗವತರು ಹಾಡುವಾಗ ಚಿತ್ರ ಕನ್ನಡಿಯ ಹಾಗೆ ಇರುತ್ತದೆ. ವೇಷ ಗಿರಗಿರ ತಿರುಗಿ ಕುಣಿಯುವ ಧಿಂಗಿಣ ಹಾಕಿದ ಕೂಡಲೇ ಚೌಕ ಚೌಕವಾಗಿ ಒಡೆಯುತ್ತದೆ. ಕೆಳಗೆ ಕಮೆಂಟು: "ಒಳ್ಳೆ ಕ್ಯಾಮೆರಾ ತಗೊಳ್ಳಿ ಸ್ವಾಮಿ." ಪಾಪ, ಕ್ಯಾಮೆರಾದ್ದೇನೂ ತಪ್ಪಿಲ್ಲ.

ವಿಡಿಯೋ ಅಂದರೆ ಫೋಟೋಗಳನ್ನು ಒಂದರ ಹಿಂದೆ ಒಂದು ಕಳಿಸುವುದು ಎಂದೇ ಬಹಳ ಜನ ನಂಬಿದ್ದಾರೆ. ಹಾಗೇನಾದರೂ ಕಳಿಸಿದ್ದರೆ? 1080ಪಿ ಚಿತ್ರವೊಂದರಲ್ಲಿ 20,73,600 ಚುಕ್ಕಿಗಳು. ಚುಕ್ಕಿಗೆ 3 ಬೈಟ್, ಸೆಕೆಂಡಿಗೆ 30 ಚಿತ್ರ. ಅಂದರೆ ಸೆಕೆಂಡಿಗೆ ಸುಮಾರು 186 ಎಂಬಿ! ದಿನದ ಒಂದೂವರೆ ಜಿಬಿ ಪ್ಯಾಕ್ ಎಂಟೇ ಸೆಕೆಂಡಿನಲ್ಲಿ ಖಾಲಿ. ನಮಗೆ ತಲುಪುವುದು ಇದರಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ. ಉಳಿದದ್ದು ಎಲ್ಲಿ ಹೋಯಿತು? ನನಗೆ ತುಂಬ ಇಷ್ಟವಾದ ಕಥೆ ಇದೇ.

ಅಂಗಡಿಗೆ ಕೊಡುವ ದಿನಸಿ ಚೀಟಿಯನ್ನು ನೆನೆಸಿಕೊಳ್ಳಿ. "ಹೋದ ತಿಂಗಳ ಹಾಗೇ, ಬೆಲ್ಲ ಮಾತ್ರ ಒಂದು ಕೆಜಿ ಜಾಸ್ತಿ" ಎಂದು ಬರೆದರೆ ಸಾಕು. ವಿಡಿಯೋವನ್ನು ಕುಗ್ಗಿಸಿ ಕಳಿಸುವ, ಮತ್ತೆ ಬಿಡಿಸಿ ತೋರಿಸುವ ವ್ಯವಸ್ಥೆಗೆ ಕೋಡೆಕ್ ಎನ್ನುತ್ತಾರೆ. ಅದು ಮಾಡುವುದೂ ಇದನ್ನೇ. ಒಂದು ಚಿತ್ರವನ್ನು ಪೂರ್ತಿ ಕಳಿಸುತ್ತದೆ, ಆಮೇಲೆ ಬದಲಾದದ್ದನ್ನಷ್ಟೇ ಹೇಳುತ್ತದೆ. ತೇರು ಚಲಿಸಿದರೆ ತೇರನ್ನು ಮತ್ತೆ ಬರೆಯುವುದಿಲ್ಲ, "ಅದೇ ತೇರು, ಇಷ್ಟು ಮುಂದೆ" ಎನ್ನುತ್ತದೆ.

ಬದಲಾದದ್ದನ್ನೂ ಇದ್ದ ಹಾಗೇ ಕಳಿಸುವುದಿಲ್ಲ. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಚುಕ್ಕಿಗಳ ಎಂಟು ಸಾಲು, ಎಂಟು ಕಂಬಸಾಲಿನ ಚೌಕ ಎಂದುಕೊಳ್ಳಿ. ಅದನ್ನು 64 ವಿನ್ಯಾಸಗಳ ಬೆರಕೆ ಎಂದು ನೋಡುತ್ತದೆ: ಒಂದು ಬರೀ ಸಪಾಟು, ಒಂದರಲ್ಲಿ ಅಗಲ ಪಟ್ಟೆ, ಇನ್ನೊಂದರಲ್ಲಿ ಒತ್ತೊತ್ತು ಗೆರೆ. ಯಾವುದು ಎಷ್ಟು ಬಿದ್ದಿದೆ ಎಂದು ಬರೆದಿಟ್ಟರೆ ಚೌಕ ಸಿಕ್ಕಿದ ಹಾಗೆ. ಸಾರಿನ ಪುಡಿಯ ಲೆಕ್ಕದ ಹಾಗೆ: ಧನಿಯಾ ಇಷ್ಟು, ಮೆಣಸಿನಕಾಯಿ ಇಷ್ಟು, ಇಂಗು ಚಿಟಿಕೆ. ಒತ್ತೊತ್ತು ಗೆರೆಯ ಚಿಲ್ಲರೆಯನ್ನು ಕೋಡೆಕ್ ಬಿಟ್ಟುಬಿಡುತ್ತದೆ. ನಮ್ಮ ಕಣ್ಣಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಂಗಡಿಯವನು ಐವತ್ತು ಪೈಸೆ ಬಿಟ್ಟ ಹಾಗೆ, ಆದರೆ ಸೆಕೆಂಡಿಗೆ ಲಕ್ಷಾಂತರ ಸಲ.

ಈ ಉಪಾಯ ಹೊಳೆದದ್ದು ಬೆಂಗಳೂರಿನಲ್ಲಿ ಹುಟ್ಟಿದ, ಅಲ್ಲೇ ಇಂಜಿನಿಯರಿಂಗ್ ಓದಿದ ನಾಸಿರ್ ಅಹ್ಮದ್ ಅವರಿಗೆ. 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣಕ್ಕಾಗಿ ಅರ್ಜಿ ಹಾಕಿದರು. ತೀರಾ ಸರಳ ಎಂದು ವಿಮರ್ಶಕರೊಬ್ಬರು ತಳ್ಳಿಹಾಕಿದರು! ಅಹ್ಮದ್ ಬಿಡಲಿಲ್ಲ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಇವತ್ತು ಹೆಚ್ಚುಕಡಿಮೆ ಎಲ್ಲ ವಿಡಿಯೋಗಳ ಹೊಟ್ಟೆಯಲ್ಲೂ ಆ ಉಪಾಯ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಥವಾ ಅದರ ನೆಂಟ ಕೂತಿರುತ್ತದೆ. ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಇರಲಿ, ರಂಗಸ್ಥಳಕ್ಕೆ ಬರೋಣ. ವೇಷ ಗಿರಗಿರ ತಿರುಗುವಾಗ ಕಿರೀಟ, ಭುಜಕೀರ್ತಿಗಳ ಹೊಳಪು ಪ್ರತಿ ಚಿತ್ರದಲ್ಲೂ ಬೇರೆ. "ಹೋದ ಸಲದ ಹಾಗೇ" ಎನ್ನಲು ಏನೂ ಉಳಿದಿಲ್ಲ. ಚೀಟಿ ಪೂರ್ತಿ ಹೊಸದಾಗಿ ಬರೆಯಬೇಕು, ಕಾಗದ ಮಾತ್ರ, ಅಂದರೆ ಸೆಕೆಂಡಿಗೆ ಕಳಿಸಬಹುದಾದ ಡೇಟಾ, ಅಷ್ಟೇ ಉದ್ದ. ಆಗ ಚಿಲ್ಲರೆಯ ಜೊತೆ ನೋಟನ್ನೂ ಬಿಡಬೇಕಾಗುತ್ತದೆ. ನಮಗೆ ಕಾಣುವ ಚೌಕಗಳು ಅವೇ. ಜೋರು ಮಳೆ, ಜಲಪಾತ, ಎರಚಿದ ಹೂವಿನ ಎಸಳು, ಎಲ್ಲದರದ್ದೂ ಇದೇ ಪಾಡು.

ಕಾಗದ ಉದ್ದ ಮಾಡಬಾರದೇ? ನೋಡುವವರು ಒಬ್ಬರೇ ಆದರೆ ಮಾಡಬಹುದು. 2023ರ ವಿಶ್ವಕಪ್ ಫೈನಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದು ಹಂತದಲ್ಲಿ 5.9 ಕೋಟಿ ಜನ ಒಟ್ಟಿಗೆ ನೋಡುತ್ತಿದ್ದರು. ಒಬ್ಬೊಬ್ಬರಿಗೆ ಒಂದು ಚೂರು ಜಾಸ್ತಿ ಕೊಟ್ಟರೂ ಒಟ್ಟು ಎಷ್ಟಾಯಿತು? 2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಯಲ್ಲೇ ಕೂತಾಗ, ವಿಡಿಯೋ ಕಂಪನಿಗಳು ಭಾರತದಲ್ಲಿ ಮೊಬೈಲ್ ವಿಡಿಯೋವನ್ನು ಕೆಲ ದಿನ 480ಪಿಗೆ ಇಳಿಸಬೇಕಾಯಿತು.

ಎವಿ1ನಂಥ ಹೊಸ ಕೋಡೆಕ್‌ಗಳು ಅದೇ ಚಿತ್ರವನ್ನು ಇನ್ನೂ ಚಿಕ್ಕ ಚೀಟಿಯಲ್ಲಿ ಬರೆಯುತ್ತವೆ. ಆದರೆ ಬರೆಯುವ ಕೆಲಸ ತುಂಬಾ ಭಾರ, ಹಳೆಯ ಫೋನ್‌ಗಳು ಅದನ್ನು ಓದಲು ಹೋಗಿ ಬಿಸಿಯಾಗುತ್ತವೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಟ್ರೈಪಾಡ್ ಅಲುಗಾಡಿಸಬೇಡ, ಸುಮ್ನೆ ಜೂಮ್ ಮಾಡಬೇಡ, ಅಪ್‌ಲೋಡ್ ಮಾಡುವ ಮೊದಲು ಫೈಲನ್ನು ನೀನೇ ಕುಗ್ಗಿಸಬೇಡ. ವಿಡಿಯೋ ಕಂಪನಿಯವರು ಹೇಗೂ ಇನ್ನೊಮ್ಮೆ ಕುಗ್ಗಿಸುತ್ತಾರೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ: "ಧಿಂಗಿಣ ಕಡಿಮೆ ಹಾಕಿ ಅಂತ ವೇಷದವರಿಗೆ ನೀವೇ ಹೇಳ್ತೀರಾ?"